ನಟಾಲಿಯಾಳ ಗಂಡ

ಸಾಲಿನಲ್ಲಿ ಬಂದವರ ಕೈಗಳನ್ನೆಲ್ಲ ಮುಟ್ಟಿ ಬಿಡುತ್ತಿದ್ದ ಬ್ರಿಜಿಟ್, ಗುರುತಿಲ್ಲದ ಹೆಂಗಸು ಬಂದಾಗ ಮಾತ್ರ ಹಿಡಿದ ಕೈ ಸಡಿಲಿಸುತ್ತಿರಲಿಲ್ಲ. "ಎಲ್ಲಿಂದ ಬಂದಿರಿ?" ಎಂದು ಕೇಳುತ್ತಿದ್ದಳು. ಸಿಡ್ನಿಯದೇ ಲಿವರ್‌ಪೂಲ್ ಎಂದೋ ಬ್ಲ್ಯಾಕ್‌ಟೌನ್ ಎಂದೋ ಹೇಳಿದರೆ ತಲೆಯಾಡಿಸಿ ಮುಂದಿನವರ ಕಡೆ ತಿರುಗುತ್ತಿದ್ದಳು. ಮೆಲ್ಬರ್ನ್ ಎಂದು ಇನ್ನೂ ಯಾರೂ ಹೇಳಿರಲಿಲ್ಲ.

ಅವಳ ಬೆನ್ನ ಹಿಂದೆ, ಇಗರ್ಜಿಯ ಬಾಗಿಲ ಒಳಗೆ, ತೆರೆದ ಪೆಟ್ಟಿಗೆಯಲ್ಲಿ ಅವಳ ಗಂಡ ನೋರ್ಬರ್ಟ್ ಲೋಬೊ ಮಲಗಿದ್ದ. ಬೂದು ಕೋಟು, ಬೆರಳುಗಳಿಗೆ ಸುತ್ತಿದ ಜಪಸರ. ಬದುಕಿದ್ದಾಗಲೂ ಯಾರನ್ನೂ ನೆಟ್ಟಗೆ ನೋಡದ ಮನುಷ್ಯ. ಈಗಲೂ ಗಲ್ಲವನ್ನು ತುಸು ಇಳಿಸಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆಂದು ನಿದ್ದೆ ನಟಿಸುವವನ ಹಾಗೆ ಇದ್ದ.

"ಮಮ್ಮಿ, ಪ್ಲೀಸ್, ಸ್ವಲ್ಪ ಸಿಟ್ ಮಾಡಿ," ಎಂದಳು ಪಕ್ಕದಲ್ಲಿದ್ದ ಮಗಳು ರಿಯೋನಾ. ಹಿಂದಿನ ದಿನವಷ್ಟೇ ಅವಳು ಮೆಲ್ಬರ್ನಿನ ಕ್ಲೈಡ್ ನಾರ್ತಿನ ಮನೆಗೆ ಬೀಗ ಹಾಕಿ ಬಂದಿದ್ದಳು.

"ಕೂತರೆ ಮುಖ ಕಾಣುವುದಿಲ್ಲ."

"ಯಾರ ಮುಖ?"

ಬ್ರಿಜಿಟ್ ಸಾಲಿನಲ್ಲಿದ್ದ ಮುಂದಿನವರ ಕೈ ಹಿಡಿದಳು. ಬರಬೇಕಾದವಳನ್ನು ಕರೆದದ್ದು ತಾನೇ ಎಂದು ಮಗಳಿಗೆ ಹೇಗೆ ಹೇಳುವುದು? ನೋರ್ಬರ್ಟ್ ತೀರಿಕೊಂಡ ಮರುದಿನ ಅಡುಗೆಕಟ್ಟೆಯ ಮೇಲೆ ಬಿದ್ದಿದ್ದ ಅವನ ಮೊಬೈಲು ಹೊಡೆದುಕೊಂಡಿತ್ತು. 'ಜೆ. ಮೆಲ್ಬರ್ನ್' ಎಂದು ಬಂದಿತ್ತು ತೆರೆಯ ಮೇಲೆ. ಎತ್ತದೆ ನೋಡುತ್ತ ನಿಂತಿದ್ದಳು. ಸದ್ದು ನಿಂತ ಮೇಲೆ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ, ನೋರ್ಬರ್ಟ್ ತೀರಿಹೋದರೆಂದೂ ಶುಕ್ರವಾರ ಬೆಳಿಗ್ಗೆ ಮಣ್ಣು ಎಂದೂ ಬರೆದು ಇಗರ್ಜಿಯ ವಿಳಾಸ ಹಾಕಿದ್ದಳು. ಬರೆದವರು ಯಾರೆಂದು ಹಾಕಿರಲಿಲ್ಲ. 'ಖಂಡಿತ ಬರುತ್ತೇನೆ' ಎಂದು ಉತ್ತರ ಬಂದಿತ್ತು. ಬರಲಿ ಎಂದುಕೊಂಡಿದ್ದಳು. ಇಷ್ಟು ದಿನ ಕಾರಿನ ಗಾಜಿನ ಹಿಂದೆ ಅಡಗಿದ್ದ ಮುಖವನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿಬಿಡುವ.

ಮೂವತ್ತೈದರ ಸುಮಾರಿನ ಯುವಕನೊಬ್ಬ ಕೈಜೋಡಿಸಿ ನಿಂತ. "ಆಂಟಿ, ನಾನು ಸುದರ್ಶನ್. ಮ್ಯಾಕ್ವೆರಿ ಪಾರ್ಕಲ್ಲಿ ಅಂಕಲ್ ಜೊತೆ ಕೆಲ್ಸ ಮಾಡ್ತಿದ್ದೆ. ರಿಟೈರ್ ಆದ್ಮೇಲೂ ಆಗಾಗ ಬರ್ತಿದ್ರು. ಹಳೇ ಕಾಲದ ಹ್ಯಾಂಡ್‌ರೈಟಿಂಗ್ ಇರೋ ಸ್ಕ್ಯಾನ್‌ಗಳನ್ನ ತಂದು, ಸ್ವಲ್ಪ ಕ್ಲಿಯರ್ ಮಾಡ್ಕೊಡಪ್ಪಾ ಅಂತ." ಅವನು ದನಿ ತಗ್ಗಿಸಿದ. "ಅವರು ಹುಡುಕ್ತಾ ಇದ್ದೋರು ಸಿಕ್ಕಿದ್ರಾ ಆಂಟಿ?"

"ಯಾರು?"

ಸುದರ್ಶನ್ ಒಂದು ಹೆಜ್ಜೆ ಹಿಂದಿಟ್ಟ. "ಅದೇ... ಅಂಕಲ್ ನಿಮ್ಗೆ ಹೇಳಿರ್ಲಿಲ್ವಾ?" ಎಂದು ತೊದಲಿ, ಪೆಟ್ಟಿಗೆಗೆ ಕೈಮುಗಿದು, ಜನರ ಮಧ್ಯೆ ಕರಗಿಹೋದ.

ಇವನಿಗೂ ಗೊತ್ತು ಎಂದುಕೊಂಡಳು ಬ್ರಿಜಿಟ್. ಗೊತ್ತಿಲ್ಲದವಳು ನಾನೊಬ್ಬಳೇ.

ಪೂಜೆಯ ಗಂಟೆ ಹೊಡೆಯುವ ಮೊದಲು ಅವಳು ಬಂದಳು. ಅರುವತ್ತರ ಹತ್ತಿರದ ಹೆಂಗಸು, ಗಿಡ್ಡ ಕೂದಲು, ಕಪ್ಪು ಕೋಟು. ಬಿಳಿಯಳೆಂದರೆ ಪೂರ್ತಿ ಬಿಳಿಯಳಲ್ಲ, ನಮ್ಮವಳೆಂದರೆ ನಮ್ಮವಳಲ್ಲ. ಸಾಲು ಹಿಡಿಯದೆ ಸೀದಾ ಪೆಟ್ಟಿಗೆಯ ಬಳಿ ಹೋಗಿ, ನೋರ್ಬರ್ಟನ ಕೋಟಿನ ತೋಳಿನ ಮೇಲೆ ಕೈಯಿಟ್ಟು ನಿಂತಳು. ಮಡಿಸಿದ ಬಟ್ಟೆಯ ನೆರಿಗೆ ಸರಿಮಾಡುವಂತೆ ಅದನ್ನು ಮೆಲ್ಲಗೆ ನೀವಿದಳು. ಬ್ರಿಜಿಟ್ ಸಾಲಿನವರ ಕೈ ಬಿಟ್ಟು ಆ ಕಡೆಗೇ ತಿರುಗಿ ನಿಂತಳು.

"ನಾನು ಜೋನ್," ಎಂದಳು ಆ ಹೆಂಗಸು ಇಂಗ್ಲಿಷಿನಲ್ಲಿ, ಬ್ರಿಜಿಟಳ ಎದುರು ಬಂದು. "ಮೆಲ್ಬರ್ನಿನಿಂದ ಬಂದೆ. ನಿಮ್ಮ ಹತ್ತಿರ ಮಾತಾಡಬೇಕು."

"ಮೊದಲು ಅವರನ್ನು ಮಣ್ಣು ಮಾಡುವ," ಎಂದಳು ಬ್ರಿಜಿಟ್ ತಾನೂ ಇಂಗ್ಲಿಷಿನಲ್ಲಿ. "ಓಡಿ ಹೋಗಬೇಡಿ."

ಜೋನ್ ಹಿಂದಿನ ಬೆಂಚಿಗೆ ಹೋಗಿ ಕೂತಳು. ನೋರ್ಬರ್ಟನ ಅಕ್ಕ ಕಾರ್ಮಿನ್ ಇದನ್ನೆಲ್ಲ ನೋಡುತ್ತಲೇ ಇದ್ದವಳು ಪಕ್ಕಕ್ಕೆ ಬಂದು ಕಿವಿಯ ಬಳಿ ಕೊಂಕಣಿಯಲ್ಲಿ ಕೇಳಿದಳು. "ಅದು ಯಾರು? ನಿನ್ನ ಕಡೆಯವಳಾ? ಹಣೆ ನಿನ್ನದೇ ಉಂಟು."

ಚುಚ್ಚಲಿಕ್ಕೆ ಈ ಹೊತ್ತೂ ಆಗಬೇಕಾ ಇವಳಿಗೆ ಎನಿಸಿತು ಬ್ರಿಜಿಟಳಿಗೆ. "ನನ್ನ ಕಡೆ ಯಾರಿದ್ದಾರೆ ಎಂದು ನಿಮಗೆ ಗೊತ್ತುಂಟಲ್ಲ ಬಾಯಿ," ಎಂದಳು. ಗಂಡನ ಅಕ್ಕನನ್ನು ಅವಳು ಬಾಯಿ ಎಂದೇ ಕರೆಯುತ್ತಿದ್ದಳು.

* * *

ನಿನ್ನ ಕಡೆ. ಈ ಎರಡು ಮಾತನ್ನು ಬ್ರಿಜಿಟ್ ಮದುವೆಯಾದ ದಿನದಿಂದ ಹೊತ್ತು ತಿರುಗಿದ್ದಳು.

ಅವಳ ಅಜ್ಜ ಕಾಸ್ಮಿರ್ ಸಿಕ್ವೇರಾನ ಅಮ್ಮ ನಟಾಲಿಯಾ, ಹರೆಯದಲ್ಲಿ ಮಂಗಳೂರಿನಿಂದ ಬೊಂಬಾಯಿಗೆ ಹೋಗಿ ಒಬ್ಬ ದೊರೆಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ವಾಪಸು ಬಂದಾಗ ಬಸುರಿ. ಅಲ್ಲಿನ ಇಗರ್ಜಿಯಲ್ಲಿ ಮದುವೆಯಾಗಿದೆ, ಗಂಡ ಸಾಲ್ವದೋರ್ ಸಿಕ್ವೇರಾ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಬರುತ್ತಾನೆ ಎಂದಳು. ಅವನು ಬರಲಿಲ್ಲ. ಅವನನ್ನು ಕಣ್ಣಲ್ಲಿ ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಮಗುವಿಗೆ ಜ್ಞಾನಸ್ನಾನ ಮಾಡಿಸಿದ ಪಾದ್ರಿ ತಂದೆಯ ಹೆಸರಿನ ಮುಂದೆ 'ತಾಯಿ ಹೇಳಿದಂತೆ' ಎಂದು ಬರೆದಿಟ್ಟರು. ಆ ಎರಡು ಪದ ಮೂರು ತಲೆಮಾರಿನ ಮದುವೆ ಮಾತುಕತೆಗಳಲ್ಲಿ ಎದ್ದು ಕೂತವು.

ನೋರ್ಬರ್ಟನ ಅಮ್ಮ ಈ ಸಂಬಂಧ ಬೇಡವೆಂದು ಹಟ ಹಿಡಿದಿದ್ದಳು. ನೋರ್ಬರ್ಟ್ ವಾದಿಸಲಿಲ್ಲ. ಊಟ ಬಿಟ್ಟು ಕೂರಲೂ ಇಲ್ಲ. "ಮದುವೆಯಾದರೆ ಅವಳನ್ನೇ," ಎಂದಷ್ಟೇ ಹೇಳಿ, ಅಮ್ಮ ಒಪ್ಪುವವರೆಗೆ ಇನ್ನೊಂದು ಹುಡುಗಿಯ ಫೋಟೋ ಮುಟ್ಟಲಿಲ್ಲ. ಹಾಗೆ ಕಾದವನು, ಮದುವೆಯಾದ ಮೇಲೆ ಅಮ್ಮನ ಎದುರು ಹೆಂಡತಿಯ ಪರವಾಗಿ ಬಾಯಿ ತೆರೆದದ್ದೇ ಇಲ್ಲ.

ರಿಯೋನಾಳ ಮೊದಲ ಪರಮಪ್ರಸಾದದ ವರ್ಷ ಅತ್ತೆ ಸಿಡ್ನಿಗೆ ಬಂದಿದ್ದಳು. ಆಗ ಬಾಡಿಗೆಗಿದ್ದ ಯೂನಿಟ್ಟಿನಲ್ಲಿ ಹತ್ತು ಹನ್ನೆರಡು ಜನ ಊಟಕ್ಕೆ ಕೂತಿದ್ದರು. ಮಗುವಿನ ಹೆಸರಿನ ಮಾತು ಬಂದಾಗ ಅತ್ತೆ, "ಲೋಬೊ ಎಂಬ ಹೆಸರು ಸಿಕ್ಕಿತಲ್ಲ, ಮಗುವಿನ ಪುಣ್ಯ. ತಾಯಿಯ ಕಡೆಯದ್ದು ಬೊಂಬಾಯಿ ಬಂದರಿನಲ್ಲಿ ಹೆಕ್ಕಿದ್ದು," ಎಂದಳು. ಯಾರೋ ನಕ್ಕರು. ಕಾರ್ಮಿನ್ ನಗಲಿಲ್ಲ, ಆದರೆ ತಡೆಯಲೂ ಇಲ್ಲ. ಬ್ರಿಜಿಟ್ ಗಂಡನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ. ಮುಳ್ಳೆಲ್ಲ ತೆಗೆದು ತಟ್ಟೆಯ ಅಂಚಿನಲ್ಲಿ ಒಟ್ಟಿಟ್ಟ. ಮೀನನ್ನು ತಿನ್ನಲಿಲ್ಲ.

ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಅವನಿಗೆ ಕೆಲಸ. ಮಾತ್ರೆಗಳು ನೀರಿನಲ್ಲಿ ಕರಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದು. "ಇವರಿಗೆ ಅದು ಹೇಳಿ ಮಾಡಿಸಿದ ಕೆಲಸ," ಎಂದು ಬ್ರಿಜಿಟ್ ಗೆಳತಿಯರ ಹತ್ತಿರ ಹೇಳುತ್ತಿದ್ದಳು. "ಮಾತಾಡಲಿಕ್ಕಿಲ್ಲ. ಕರಗುವವರೆಗೆ ಕಾದರೆ ಸಾಕು." ಅವಳು ಎಲ್ಲರನ್ನೂ ನಗಿಸಿದಳು, ಆ ರಾತ್ರಿಯ ಬಂಗುಡೆಯನ್ನು ಮಾತ್ರ ಮರೆಯಲಿಲ್ಲ.

* * *

ಸ್ಮಶಾನದಲ್ಲಿ ಗಾಳಿ ಜೋರಿತ್ತು. ಪಾದ್ರಿಯ ಪ್ರಾರ್ಥನೆಯ ಅರ್ಧ ಅದರಲ್ಲೇ ಹಾರಿಹೋಯಿತು. ಪೆಟ್ಟಿಗೆ ಇಳಿಯುವಾಗ ರಿಯೋನಾ ಅಮ್ಮನ ಭುಜಕ್ಕೆ ಮುಖ ಒತ್ತಿ ಅತ್ತಳು. ಬ್ರಿಜಿಟಳಿಗೆ ಅಳು ಬರಲಿಲ್ಲ. ಅವಳ ಕಣ್ಣು ಗುಂಡಿಯ ಆಚೆ, ನೀಲಗಿರಿ ಮರದ ಕೆಳಗೆ ಒಂಟಿಯಾಗಿ ನಿಂತಿದ್ದವಳ ಮೇಲಿತ್ತು.

ಕುಟುಂಬದವರು ಮಣ್ಣು ಹಾಕಿದರು. ಕೊನೆಗೆ ಜೋನ್ ಮುಂದೆ ಬಂದಳು. ಇಂಥಲ್ಲಿ ಹೇಗೆ ಮಾಡುತ್ತಾರೆಂದು ತಿಳಿಯದೆ ಅವರಿವರನ್ನು ನೋಡಿ, ಒಂದು ಹಿಡಿ ಮಣ್ಣು ತೆಗೆದು ಹಾಕಿದಳು. ಮತ್ತೆ ಬಗ್ಗಿ ಇನ್ನೊಂದು ಹಿಡಿ ಹಾಕಿದಳು.

"ಎರಡು ಸಲ ಹಾಕಿದಳು, ನೋಡಿದಿಯಾ?" ಎಂದಳು ಕಾರ್ಮಿನ್. "ಹೆಂಡತಿ ಒಂದು ಸಲ, ಇವಳು ಎರಡು ಸಲ. ಎಂತ ಮಾರಾಯ್ತಿ ಇದು?"

"ನೋಡಿದೆ."

"ನನಗೆ ಏನೂ ಗೊತ್ತಿಲ್ಲ ಎಂದು ತಿಳಿಯಬೇಡ. ಅವನು ಮೆಲ್ಬರ್ನಿಗೆ ಹೋಗಿ ಬಂದು ಮಾಡುತ್ತಿದ್ದದ್ದು ನಮಗೂ ಕೇಳಿದೆ. ಮಗಳ ಮನೆಗೆ ಅಷ್ಟು ಸಲ ಯಾವ ತಂದೆ ಹೋಗುತ್ತಾನೆ? ನಾಳೆ ಇವಳು ಏನಾದರೂ ಹಕ್ಕು ಎಂದು ಎದ್ದರೆ?"

"ಎದ್ದರೆ ನಾನು ನೋಡಿಕೊಳ್ಳುತ್ತೇನೆ ಬಾಯಿ. ಗಂಡ ನನ್ನವರು," ಎಂದಳು ಬ್ರಿಜಿಟ್. ಹಾಗೆ ಹೇಳುವಾಗಲೇ ಆ ಮಾತಿನಲ್ಲಿ ತನಗೆಷ್ಟು ನಂಬಿಕೆ ಉಳಿದಿದೆಯೆಂದು ಅವಳಿಗೇ ಅನುಮಾನವಾಯಿತು.

* * *

ನಿವೃತ್ತಿಯಾದ ಮೇಲೆ ನೋರ್ಬರ್ಟ್ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಲು ಸುರುಮಾಡಿದ. ಮೊದಲು ಸುದ್ದಿ, ಹವಾಮಾನ ಎಂದೇನೋ ಬ್ರಿಜಿಟ್ ಅಂದುಕೊಂಡಿದ್ದಳು. ಆದರೆ ಅವಳು ಚಾ ತಂದರೆ ತೆರೆಯನ್ನು ಮುಚ್ಚುವುದು, ಪ್ರಿಂಟರಿನಿಂದ ಬಂದದ್ದನ್ನು ಕೂಡಲೇ ಮಡಿಸುವುದು ಕಂಡಮೇಲೆ ಅವಳ ಕಿವಿ ನೆಟ್ಟಗಾಯಿತು.

"ಎಂತ ನೋಡುವುದು ಅಷ್ಟು?"

"ಜನಗಣತಿ."

"ಎಲ್ಲಿಯದ್ದು?"

"ಅಮೆರಿಕದ್ದು. ತುಂಬ ಹಳೇದು."

"ಅಮೆರಿಕದಲ್ಲಿ ನಿಮ್ಮವರು ಯಾರಿದ್ದಾರೆ?"

ನೋರ್ಬರ್ಟ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನನ್ನವರು ಯಾರೂ ಇಲ್ಲ," ಎಂದ.

ಅಷ್ಟೇ. ಸುಳ್ಳು ಹೇಳಲು ಬಾರದವನು ಹುಡುಕಿ ಹುಡುಕಿ ಎಂಥ ದಡ್ಡ ಸುಳ್ಳು ಹೇಳುತ್ತಾನೆ ಎಂದುಕೊಂಡು ಅವಳು ಚಾದ ಕಪ್ಪು ಇಟ್ಟು ಹೊರಬಂದಳು.

ಆಮೇಲೆ ಮೆಲ್ಬರ್ನ್ ಸುರುವಾಯಿತು. ಮಗಳನ್ನು ನೋಡಿಬರುತ್ತೇನೆಂದು ಹೊರಡುತ್ತಿದ್ದ. ಬುತ್ತಿ ಕಟ್ಟಿಕೊಡಲು ಹೇಳುತ್ತಿದ್ದ. ಅಲ್ಲಿಗೆ ಹೋದರೂ ಹಗಲಿಗೆ ಬುತ್ತಿ ಬೇಕೆಂದು ರಿಯೋನಾಳಿಂದಲೂ ಕಟ್ಟಿಸಿಕೊಳ್ಳುತ್ತಿದ್ದನಂತೆ. ಒಮ್ಮೆ ಫೋನಿನಲ್ಲಿ ರಿಯೋನಾಳ ಬಾಯಿ ಜಾರಿತು. "ಡ್ಯಾಡಿ ಎಲ್ಲಿ ಮನೇಲಿರ್ತಾರೆ ಮಮ್ಮಿ? ಮಾರ್ನಿಂಗ್ ಹೋದ್ರೆ ಈವ್ನಿಂಗೇ ಬರೋದು. ಲೈಬ್ರರಿ ಅಂತಾರೆ."

ಮುಂದಿನ ಸಲ ಬ್ರಿಜಿಟ್ ತಾನೂ ಬರುತ್ತೇನೆಂದು ಹೊರಟು ನಿಂತಳು. ನೋರ್ಬರ್ಟ್ ಬೇಡ ಎನ್ನಲಿಲ್ಲ, ವಿಮಾನದಲ್ಲಿ ಮಾತ್ರ ಕಿಟಕಿಯ ಕಡೆಯೇ ಮುಖ ಮಾಡಿ ಕೂತ. ಕ್ಲೈಡ್ ನಾರ್ತಿನಲ್ಲಿ ಎಲ್ಲ ಮನೆಗಳೂ ಹೊಸವು, ಒಂದರ ಅಚ್ಚು ಇನ್ನೊಂದು. ಗಿಡಗಳು ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಮರೆಯಾಗಲು ಮರವಿಲ್ಲದ ಬೀದಿ. ಬೆಳಿಗ್ಗೆ ಅವನು ಬುತ್ತಿಚೀಲ ಹಿಡಿದು ಹೊರಟಾಗ ಅವಳು ಮೇಲಿನ ಕೋಣೆಯ ಕಿಟಕಿಯಿಂದ ನೋಡಿದಳು. ತಿರುವಿನಲ್ಲಿ ಒಂದು ಕಾರು ನಿಂತಿತ್ತು. ಸ್ಟೀರಿಂಗ್ ಹಿಡಿದು ಗಿಡ್ಡ ಕೂದಲಿನ ಹೆಂಗಸು. ನೋರ್ಬರ್ಟ್ ಬಾಗಿಲು ತೆಗೆದು ಕೂತ. ಅವಳು ಏನೋ ಹೇಳಿದಳು. ನೋರ್ಬರ್ಟ್ ನಕ್ಕ.

ಕಾರಿಗಿಂತ, ಆ ಹೆಂಗಸಿಗಿಂತ, ಆ ನಗು ಅವಳನ್ನು ಹೆಚ್ಚು ಸುಟ್ಟಿತು.

"ಲೈಬ್ರರಿ ಹೇಗಿತ್ತು?" ಎಂದು ಸಂಜೆ ಕೇಳಿದಳು.

"ಮುಚ್ಚಿತ್ತು. ಸುಮ್ಮನೆ ನಡೆದೆ."

ಅವಳು ಮುಂದೆ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನೆಂಬ ಭಯ ಅವಳನ್ನು ಕಟ್ಟಿಹಾಕಿತು.

ಅವನು ಸಾಯುವ ಕೆಲವು ದಿನ ಮೊದಲು, ಅವಳು ಬಟಾಣಿ ಸುಲಿಯುತ್ತಿದ್ದಾಗ ಎದುರು ಬಂದು ಕೂತು ತಾನೂ ನಾಲ್ಕು ಕಾಯಿ ಸುಲಿದ. "ಈಸ್ಟರಿಗೆ ಮೆಲ್ಬರ್ನಿಗೆ ಹೋಗುವ. ನೀನೂ ಬಾ," ಎಂದ. "ನಿನಗೆ ಒಬ್ಬರನ್ನು ತೋರಿಸಬೇಕು."

"ನನಗೆ ಯಾರನ್ನೂ ನೋಡಲಿಕ್ಕಿಲ್ಲ."

ನೋರ್ಬರ್ಟ್ ತಲೆಯಾಡಿಸಿದ. ಕೈಯಲ್ಲಿದ್ದ ಕಾಳುಗಳನ್ನು ಅವಳ ಪಾತ್ರೆಗೆ ಹಾಕಿ ಎದ್ದು ಹೋದ. ಆ ವಾರದ ಕೊನೆಗೆ, ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವನು ಅಲ್ಲೇ ಕುಸಿದ. ಆಂಬುಲೆನ್ಸಿನವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

* * *

ಇಗರ್ಜಿಯ ಸಭಾಭವನದಲ್ಲಿ ಊಟಕ್ಕೆ ಇಡ್ಲಿಯಂಥ ಸಾನ್ನ, ಕೋಳಿ ಸುಕ್ಕ, ಬಿಳಿಯರಿಗೆಂದು ಸ್ಯಾಂಡ್‌ವಿಚ್. ಬ್ರಿಜಿಟಳ ಕೈಗೆ ರಿಯೋನಾ ಒಂದು ತಟ್ಟೆ ಕೊಟ್ಟಳು. ಅದನ್ನು ಹಿಡಿದುಕೊಂಡೇ ಬ್ರಿಜಿಟ್ ಜೋನಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಎಳೆದಳು. ಮಡಚುವ ಕುರ್ಚಿಗಳನ್ನು ಒಟ್ಟಿದ್ದ ಕೋಣೆ. ಎರಡನ್ನು ಬಿಡಿಸಿ ಎದುರು ಬದುರು ಕೂತರು.

"ಸುತ್ತು ಬಳಸಿ ಹೇಳಬೇಡಿ," ಎಂದಳು ಬ್ರಿಜಿಟ್. "ನಿಮಗೂ ನನ್ನ ಗಂಡನಿಗೂ ಏನು?"

ಜೋನ್ ಒಂದು ಕ್ಷಣ ಅರ್ಥವಾಗದೆ ನೋಡಿದಳು. ಅರ್ಥವಾದಾಗ ಅವಳ ಕಿವಿಗಳು ಕೆಂಪಾದವು. "ಅಯ್ಯೋ ದೇವರೇ. ಅವರು ನಿಮಗೆ ಏನೂ ಹೇಳಲೇ ಇಲ್ಲವೇ?"

"ನೀವು ಹೇಳಿ."

"ಅವರು ನನ್ನನ್ನು ನೋಡಲು ಬರುತ್ತಿದ್ದದ್ದಲ್ಲ. ನನ್ನ ಅಮ್ಮ ಆಲ್ಮಾಳನ್ನು ನೋಡಲು. ಅವಳಿಗೆ ತೊಂಬತ್ತು ದಾಟಿದೆ. ಹುಟ್ಟಿದ್ದು ಅಮೆರಿಕದ ನ್ಯೂ ಬೆಡ್‌ಫರ್ಡಿನಲ್ಲಿ, ಮದುವೆಯಾಗಿ ಮೆಲ್ಬರ್ನಿಗೆ ಬಂದವಳು. ಮೊದಲ ದಿನ ನಿಮ್ಮವರು ಬಾಗಿಲು ತಟ್ಟಿ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. 'ನನ್ನ ಹೆಂಡತಿಯ ಮನೆಯ ಗಂಡಸೊಬ್ಬ ಕಾಣೆಯಾಗಿದ್ದಾನೆ. ಅವನು ನಿಮ್ಮ ಮನೆಯವನೇ ಎಂದು ತೋರುತ್ತದೆ.' ಅಮ್ಮ ಬಾಗಿಲು ಮುಚ್ಚಿಬಿಟ್ಟಳು."

ಬ್ರಿಜಿಟ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನನ್ನ ಅಮ್ಮನ ಅಜ್ಜನ ಹೆಸರು ಸಾಲ್ವದೋರ್ ಸಿಕ್ವೇರಾ," ಎಂದಳು ಜೋನ್.

ಆ ಹೆಸರನ್ನು ಬ್ರಿಜಿಟ್ ತನ್ನ ಅಪ್ಪನ ಬಾಯಲ್ಲಿ ಬಿಟ್ಟರೆ ಬೇರೆಯವರ ಬಾಯಲ್ಲಿ ಗೌರವದಿಂದ ಕೇಳಿದ್ದಿಲ್ಲ. ಅವಳಿಗೆ ಮೊದಲು ಬಂದದ್ದು ಸಿಟ್ಟು. ನೋರ್ಬರ್ಟ್ ತನ್ನ ಮನೆಯ ಗುಟ್ಟನ್ನೂ ಇವಳಿಗೆ ಹೇಳಿದ್ದಾನೆ. ಸಿಕ್ಕಿಬಿದ್ದರೆ ಹೇಳಲೆಂದು ಇಬ್ಬರೂ ಸೇರಿ ಕಟ್ಟಿದ ಕತೆಯಾಗಿರಬಾರದೇಕೆ?

"ಆ ಹೆಸರಿನವರು ನೂರು ಜನ ಇದ್ದಾರು," ಎಂದಳು.

"ನಾವೂ ಹಾಗೇ ಹೇಳಿದೆವು. ಅಮ್ಮನ ಮನೆಯವರು ಪೋರ್ಚುಗೀಸರೆಂದೇ ನಂಬಿದ್ದವರು. ಸಾವಿರದ ಒಂಬೈನೂರರ ಜನಗಣತಿಯಲ್ಲೂ ಹಾಗೇ ಇದೆ, ಹುಟ್ಟಿದ್ದು ಪೋರ್ಚುಗಲ್ ಎಂದು. ನಿಮ್ಮವರು ಹತ್ತು ವರ್ಷ ನಂತರದ ಜನಗಣತಿ ತೋರಿಸಿದರು. ಅದರಲ್ಲಿ ಅದೇ ಮನೆ, ಅದೇ ಮನುಷ್ಯ, ಹುಟ್ಟಿದ್ದು ಮಾತ್ರ ಈಸ್ಟ್ ಇಂಡಿಯಾ. ಆ ಮನೆ ಕೊಂಡ ಕಾಗದದಲ್ಲಿ ಬೊಂಬಾಯಿಯಿಂದ ಬಂದ ನಾವಿಕ ಎಂದಿದೆ. ಅಮ್ಮನಿಗೆ ಕೆಂಡದಂಥ ಕೋಪ. ಈ ಮನುಷ್ಯ ಆ ಮನೆಯಲ್ಲಿ ಪಾಲು ಕೇಳಲು ಬಂದಿದ್ದಾನೆ ಎಂದಳು. ಆ ಮನೆಯನ್ನು ಕೆಡವಿ ಎಷ್ಟೋ ಕಾಲವಾಯಿತು. ಆದರೂ ಅನುಮಾನ."

"ಅವರು ನಿಮ್ಮಲ್ಲಿ ಏನು ತಿನ್ನುತ್ತಿದ್ದರು?" ಎಂದು ಬ್ರಿಜಿಟ್ ಥಟ್ಟನೆ ಕೇಳಿದಳು. ಎದುರಿನವಳು ತಡವರಿಸುತ್ತಾಳೋ ಎಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಏನೂ ಇಲ್ಲ," ಎಂದಳು ಜೋನ್. "ಅಮ್ಮ ಒಳಗೆ ಕರೆಯುತ್ತಿರಲಿಲ್ಲ. ಅವರು ಹೊರಗಿನ ಜಗಲಿಯಲ್ಲಿ ಕೂತು ತಮ್ಮ ಬುತ್ತಿ ಬಿಚ್ಚುತ್ತಿದ್ದರು. ತಿಂದು, ಡಬ್ಬಿ ತೊಳೆಯಲು ತೋಟದ ನಲ್ಲಿ ಬಳಸಬಹುದೇ ಎಂದು ಕೇಳುತ್ತಿದ್ದರು. ಸುಮಾರು ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಅಮ್ಮ ಚಹಾ ಕೊಡಿಸಿದಳು. ಒಳಗೆ ಬಾ ಎಂದದ್ದು ಅದರ ಮುಂದಿನ ಚಳಿಗಾಲದಲ್ಲಿ. ಮಗಳ ಮನೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆಂದು ಗೊತ್ತಾದ ಮೇಲೆ ನಾನೇ ಕಾರಿನಲ್ಲಿ ಕರೆತರುತ್ತಿದ್ದೆ. 'ಇವತ್ತೂ ಅಮ್ಮ ಬೈಯುತ್ತಾಳೆ' ಎಂದರೆ ನಗುತ್ತಿದ್ದರು."

ಬ್ರಿಜಿಟ್ ಮುಖ ಬೇರೆ ಕಡೆ ತಿರುಗಿಸಿದಳು.

"ಇನ್ನೊಂದಿದೆ," ಎಂದಳು ಜೋನ್ ದನಿ ಇಳಿಸಿ. "ನಿಮ್ಮವರು ನ್ಯೂ ಬೆಡ್‌ಫರ್ಡಿನ ಕೋರ್ಟಿನಿಂದ ಸಾಲ್ವದೋರನ ಉಯಿಲು ತೆಗೆಸಿದರು. ಅದರಲ್ಲಿ ಇನ್ನೊಬ್ಬ ಹೆಂಗಸಿನ ಹೆಸರಿದೆ. 'ಬೊಂಬಾಯಿಯ ಇಗರ್ಜಿಯಲ್ಲಿ ಪಾದ್ರಿಯ ಎದುರು ನಾನು ಮದುವೆಯಾದ ನಟಾಲಿಯಾ, ಅವಳು ಬದುಕಿದ್ದರೆ ಅವಳೂ, ನಾನು ಕಾಣದ ನನ್ನ ಮಗುವೂ ನನ್ನನ್ನು ಕ್ಷಮಿಸಲಿ' ಎಂದು. ಅಂದರೆ ಅವನು ಅಮೆರಿಕದಲ್ಲಿ ಮದುವೆಯಾದದ್ದು ಮೊದಲ ಹೆಂಡತಿ ಇರುವಾಗ. ನಮಗೆ ಅದು ನುಂಗಲಾರದ ತುತ್ತಾಯಿತು. ನಿಮ್ಮ ಮುತ್ತಜ್ಜಿ ಸುಳ್ಳು ಹೇಳಿರಲಿಲ್ಲ, ಬ್ರಿಜಿಟ್. ತಲೆ ತಗ್ಗಿಸಬೇಕಾದವರು ನಮ್ಮ ಕಡೆಯವರು."

ಹೊರಗೆ ಪಾತ್ರೆಗಳ ಸದ್ದು, ಜನರ ಮಾತು. ಉಯಿಲು ಸಿಕ್ಕಿತ್ತು. ಹಾಗಿದ್ದರೆ ಅದನ್ನು ತಂದು ತನ್ನ ಕೈಗೆ ಕೊಡಬಹುದಿತ್ತಲ್ಲ? ವರ್ಷಗಟ್ಟಲೆ ಪರರ ಜಗಲಿಯಲ್ಲಿ ಕೂತು ಬುತ್ತಿ ತಿನ್ನುವ ಅಗತ್ಯವೇನಿತ್ತು?

ಬ್ರಿಜಿಟ್ ಅದನ್ನೇ ಕೇಳಿದಳು.

"ನಾನೂ ಕೇಳಿದೆ," ಎಂದಳು ಜೋನ್. "ಅವರು ಹೇಳಿದರು, 'ನನ್ನವಳು ಕಾಗದ ನಂಬುವವಳಲ್ಲ. ಒಂದು ಕಾಗದದಿಂದಲೇ ಅವಳ ಮನೆಗೆ ಕಳಂಕ ಬಂದದ್ದು. ಆ ಮನೆಯ ಒಬ್ಬರು ಎದುರು ಕೂತು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ನಾನು ಹೇಳಿದರೆ, ಗಂಡ ಸಮಾಧಾನಕ್ಕೆ ಹೇಳುತ್ತಾನೆ ಎಂದುಕೊಳ್ಳುತ್ತಾಳೆ.' ಅಮ್ಮ ಒಪ್ಪಿದ್ದೇ ಈಚೆಗೆ. ಈಸ್ಟರಿಗೆ ಕರೆತನ್ನಿ ಎಂದಿದ್ದಳು. ಇವತ್ತು ಎರಡನೆಯ ಹಿಡಿ ಮಣ್ಣು ಹಾಕಿದ್ದು ಅವಳ ಪರವಾಗಿ."

ಬಾಗಿಲು ತೆರೆಯಿತು. ಕಾರ್ಮಿನ್ ಒಳಗೆ ಬರದೆ ಹೊಸಿಲಲ್ಲೇ ನಿಂತಳು. "ಬ್ರಿಜಿಟ್, ಜನ ಕೇಳುತ್ತಿದ್ದಾರೆ. ನಾನು ಎಂತ ಹೇಳಲಿ? ಯಾರಿವಳು?"

ಬ್ರಿಜಿಟಳ ಮನಸ್ಸಿನ ಒಂದು ಮೂಲೆ ಇನ್ನೂ ನಂಬಿರಲಿಲ್ಲ. ಆದರೆ ಮಣ್ಣಿನ ಕೆಳಗೆ ಈಗತಾನೆ ಮಲಗಿದವನನ್ನು ಈ ಹೊಸಿಲಿನ ಆಚೆಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

"ನನ್ನ ಕಡೆಯವಳು ಎಂದು ಹೇಳಿ," ಎಂದಳು.

"ನಿನ್ನ ಕಡೆ?"

"ಹೌದು ಬಾಯಿ. ಸಿಕ್ವೇರಾಗಳ ಕಡೆ. ಬಾಗಿಲು ಹಾಕಿಕೊಂಡು ಹೋಗಿ."

ಕಾರ್ಮಿನ್ ಜೋನಳ ಹಣೆಯನ್ನೊಮ್ಮೆ, ಬ್ರಿಜಿಟಳ ಹಣೆಯನ್ನೊಮ್ಮೆ ನೋಡಿ ಬಾಗಿಲು ಎಳೆದುಕೊಂಡಳು.

"ನಿಮ್ಮ ಅಮ್ಮನಿಗೆ ಫೋನ್ ಮಾಡಿ," ಎಂದಳು ಬ್ರಿಜಿಟ್. "ಈಗಲೇ. ಮುಖ ಕಾಣುವ ಹಾಗೆ."

ಜೋನ್ ಮೊಬೈಲನ್ನು ಕುರ್ಚಿಗಳ ರಾಶಿಗೆ ಒರಗಿಸಿಟ್ಟಳು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ತೆರೆಯಲ್ಲಿ ಮೊದಲು ಒಂದು ಚಾವಣಿ, ಆಮೇಲೆ ಒಂದು ಕಿವಿ, ಕೊನೆಗೆ ಒಬ್ಬ ಮುದುಕಿಯ ಮುಖ ಬಂತು. ಬಿಳಿ ಕೂದಲು, ಒಳಕ್ಕೆ ಎಳೆದುಕೊಂಡ ತುಟಿ. ಸುಲಭಕ್ಕೆ ಯಾರನ್ನೂ ಮನೆಯೊಳಗೆ ಬಿಡದ ಕಣ್ಣು.

"ಇವಳೇ?" ಎಂದಳು ಆಲ್ಮಾ ಮಗಳಿಗೆ.

"ಇವರೇ ಅಮ್ಮ. ಬ್ರಿಜಿಟ್."

"ನಿನ್ನ ಗಂಡ ಒಳ್ಳೆಯವನಿದ್ದ," ಎಂದಳು ಆಲ್ಮಾ, ದೂರು ಹೇಳುವ ದನಿಯಲ್ಲಿ. "ಆದರೆ ಒಳ್ಳೆಯವರೂ ಮೋಸ ಮಾಡುತ್ತಾರೆ. ನನ್ನ ಅಜ್ಜನೂ ಒಳ್ಳೆಯವನೇ ಆಗಿದ್ದ."

"ನನಗೂ ನಿಮ್ಮ ಮೇಲೆ ನಂಬಿಕೆ ಇಲ್ಲ," ಎಂದಳು ಬ್ರಿಜಿಟ್.

ಆಲ್ಮಾಳ ಹುಬ್ಬು ಮೇಲೇರಿತು. ಆ ಉತ್ತರ ಅವಳಿಗೆ ಹಿಡಿಸಿದಂತಿತ್ತು. "ಸರಿ ಹಾಗಾದರೆ. ಒಂದು ಸಂಗತಿ ನಾನು ಅವನಿಗೆ ಹೇಳದೆ ಇಟ್ಟುಕೊಂಡಿದ್ದೇನೆ. ಜೋನಳಿಗೂ ಹೇಳಿಲ್ಲ. ಅವನಾಗಿಯೇ ಹೇಳಲಿ ಎಂದು ಕಾದೆ, ಅವನ ಬಾಯಿಂದ ಅದು ಬರಲಿಲ್ಲ. ನನ್ನ ಅಜ್ಜ ಸತ್ತಾಗ ನಾನು ಚಿಕ್ಕವಳು. ಊಟ ಬೇಡವೆಂದು ಹಟ ಮಾಡಿದರೆ ಅಜ್ಜ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನೋ ಹೇಳುತ್ತಿದ್ದ. ಪೋರ್ಚುಗೀಸ್ ಎಂದುಕೊಂಡಿದ್ದೆ. ಎಷ್ಟೋ ಪೋರ್ಚುಗೀಸರನ್ನು ಕೇಳಿದೆ, ನಮ್ಮ ಭಾಷೆಯಲ್ಲ ಎಂದರು. ಈಗ ನೀನು ಹೇಳು. ನಿಮ್ಮಲ್ಲಿ ಊಟ ಮಾಡದ ಹೆಣ್ಣುಮಗುವಿಗೆ ಏನು ಹೇಳುತ್ತಾರೆ?"

ಬ್ರಿಜಿಟ್ ಗೊಂದಲದಿಂದ ಜೋನಳನ್ನು ನೋಡಿದಳು. ಅದರಲ್ಲಿ ಹೇಳಲಿಕ್ಕೇನಿದೆ? ಉಣ್ಣು ಮಗಳೇ ಎಂದು ಕೊಂಕಣಿಯಲ್ಲಿ ಎಲ್ಲರೂ ಹೇಳುವುದನ್ನೇ. ಅವಳ ಅಮ್ಮ ಅವಳಿಗೆ ಹೇಳಿದ್ದು, ಅಮ್ಮನಿಗೆ ಅಜ್ಜಿ ಹೇಳಿದ್ದು. ತೊಡೆಯ ಮೇಲಿದ್ದ ತಟ್ಟೆಯಿಂದ ಸಾನ್ನದ ಒಂದು ಚೂರು ಮುರಿದು, ಕೋಳಿಯ ಮಸಾಲೆಗೆ ಒತ್ತಿ, ಎತ್ತಿ ಹಿಡಿದಳು.

"ಜೇವ್ ಗೊ ಬಾಯೆ," ಎಂದಳು. "ಜೇವ್."

ಸಂಪರ್ಕ ಕಡಿದಿದೆಯೆಂದು ಜೋನ್ ಮೊಬೈಲಿಗೆ ಕೈ ಚಾಚಿದಳು, ಅರ್ಧದಲ್ಲೇ ನಿಲ್ಲಿಸಿದಳು. ತೆರೆಯ ಮೇಲೆ ಆಲ್ಮಾ ಕನ್ನಡಕ ತೆಗೆದಿದ್ದಳು. ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡು, ಕಣ್ಣು ಮುಚ್ಚಿ, ಬ್ರಿಜಿಟಳ ಕೈಯಲ್ಲಿದ್ದ ತುತ್ತಿನ ಕಡೆಗೆ ಮುಖವೆತ್ತಿ, ಆ ಮುದುಕಿ ಮೆಲ್ಲಗೆ ಬಾಯಿ ತೆರೆದಳು.